ಹಲ್ಲರ್ ರಾತ್ರಿಗೆ, ಸಾರ್ಟರ್ ಹಗಲಿಗೆ: ಎಂಡಿ ಇಳಿಸಿದ ನನ್ನ ಅನುಭವ

ಕಾಫಿ ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸದಲ್ಲಿ) ಲೋಡ್ ಆಚೀಚೆ ಮಾಡೋದು, ಅಂದರೆ ಯಂತ್ರಗಳನ್ನು ಬೇರೆ ಬೇರೆ ಹೊತ್ತಿಗೆ ಓಡಿಸಿ ಕರೆಂಟಿನ ಭಾರ ಹಂಚೋದು, ಆಗದ ಮಾತು ಅಂತ ನನಗೆ ಹೇಳದವರೇ ಇಲ್ಲ. ನಮ್ಮ ಮಾಲೀಕರು, ಮೇಸ್ತ್ರಿ, ಪ್ಯಾನೆಲ್ ಮಾಡಿಕೊಟ್ಟವರು, ಪಕ್ಕದ ಘಟಕದ ಎಲೆಕ್ಟ್ರಿಷಿಯನ್, ಎಲ್ಲರದ್ದೂ ಒಂದೇ ಪಲ್ಲವಿ. ಈಗ ಪೂರ್ತಿ ಸೀಸನ್‌ನ ಬಿಲ್‌ಗಳು ಕೈಯಲ್ಲಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕುಶಾಲನಗರದ ಕಡೆಯ ಮಧ್ಯಮ ಗಾತ್ರದ ಕ್ಯೂರಿಂಗ್ ವರ್ಕ್ಸ್. 11 ಕೆವಿ ಲೈನ್, ಕಾಂಟ್ರಾಕ್ಟ್ ಡಿಮ್ಯಾಂಡ್ (ಒಂದೇ ಹೊತ್ತಿಗೆ ಇಷ್ಟರ ತನಕ ಎಳೆಯುತ್ತೇವೆ ಅಂತ ವಿದ್ಯುತ್ ಕಂಪನಿ ಜೊತೆ ಮಾಡಿಕೊಂಡ ಒಪ್ಪಂದ) 500 ಕೆವಿಎ ಇತ್ತು. ಜನವರಿಯಿಂದ ಮೇ ತನಕ ಪುರುಸೊತ್ತಿಲ್ಲ. ಮಳೆ ಹಿಡಿದ ಮೇಲೆ ತಿರುಗೋದು ಆಫೀಸಿನ ಫ್ಯಾನ್ ಮಾತ್ರ. ಆದರೂ ಒಪ್ಪಂದದ 85 ಪರ್ಸೆಂಟ್ ಲೆಕ್ಕದಲ್ಲಿ ತಿಂಗಳು ತಿಂಗಳು 425 ಕೆವಿಎಗೆ ದುಡ್ಡು ಕಟ್ಟಲೇಬೇಕಿತ್ತು. ಸೀಸನ್‌ನಲ್ಲಿ ಇದರ ಉಲ್ಟಾ. ಎಂಡಿ (ಮ್ಯಾಕ್ಸಿಮಮ್ ಡಿಮ್ಯಾಂಡ್, ತಿಂಗಳಲ್ಲಿ ಯಾವುದಾದರೂ ಹದಿನೈದು ನಿಮಿಷದಲ್ಲಿ ಎಳೆದ ಅತಿ ಹೆಚ್ಚಿನ ಸರಾಸರಿ) 515, 520 ಮುಟ್ಟುತ್ತಿತ್ತು, ಮಿತಿ ದಾಟಿದ ಅಷ್ಟೂ ಕೆವಿಎಗೆ ಎರಡು ಪಟ್ಟು ದರ. ಆಗಿನ ದರ ಕೆವಿಎಗೆ ತಿಂಗಳಿಗೆ ಮುನ್ನೂರ ನಲವತ್ತು ರೂಪಾಯಿ ಹತ್ತಿರ ಹಿಡಿದು ನೀವೇ ಗುಣಿಸಿ ನೋಡಿ.

ಪಿಎಫ್ (ಪವರ್ ಫ್ಯಾಕ್ಟರ್, ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸರಿ ಮಾಡಿ ಎಂಡಿ ಇಳಿಸೋದು ಎಲ್ಲರಿಗೂ ಗೊತ್ತಿರುವ ಕೆಲಸ. ಅದನ್ನು ಮೊದಲೇ ಮುಗಿಸಿದ್ದೆವು, ಇಲ್ಲಿ ಬಿಟ್ಟುಬಿಡುತ್ತೇನೆ.

ಮೊದಲು ಕೈ ಸುಟ್ಟಿದ್ದು ಡಿಮ್ಯಾಂಡ್ ಕಂಟ್ರೋಲರ್‌ನಿಂದ. ಒಂದು ಏಜೆನ್ಸಿಯವರು ಬಂದು ಎರಡು ಲಕ್ಷದ ಸಮೀಪ ಬಿಲ್ ಮಾಡಿ ಒಂದು ಡಬ್ಬ ಕೂರಿಸಿ ಹೋದರು. ಎಂಡಿ ಏರುತ್ತಿದ್ದ ಹಾಗೆ ದೊಡ್ಡ ಮೋಟಾರ್ ಯಾವುದೋ ಅದನ್ನು ಕತ್ತರಿಸೋದು ಅದರ ಕೆಲಸ. ದೊಡ್ಡ ಮೋಟಾರ್ ಅಂದರೆ ಹಲ್ಲರ್, ಚೆರಿಯ (ಒಣಗಿದ ಕಾಫಿ ಹಣ್ಣಿನ) ಸಿಪ್ಪೆ ಬಿಡಿಸುವ ಯಂತ್ರ. ಹೊಟ್ಟೆ ತುಂಬ ಚೆರಿ ಇಟ್ಟುಕೊಂಡು ಹಲ್ಲರ್ ನಿಂತರೆ ಏನಾಗುತ್ತದೆ ಅಂತ ಈ ಲೈನಿನವರಿಗೆ ಹೇಳಬೇಕಾ? ಜಾಲರಿ ಬಿಚ್ಚಿ, ಸಿಪ್ಪೆ ಬೀಜ ಎಲ್ಲ ಕೈಯಲ್ಲಿ ಬಗೆದು ತೆಗೆದು, ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಒಂದು ಗಂಟೆ ಹೋಯಿತು. ಮರುಸ್ಟಾರ್ಟ್‌ಗೆ ಎಳೆದ ಕರೆಂಟ್ ಬೇರೆ. ಮಾಲೀಕರು ಬಂದು ನೋಡಿ, "ಎಂತ ಮಾರಾಯ, ಪ್ಲಾಂಟರ್ ಲಾರಿ ತಂದು ನಿಲ್ಸಿದ್ಮೇಲೆ ಮೀಟರ್ ನೋಡ್ಕೊಂಡು ಕೂರ್ಲಿಕ್ಕೆ ಆಗ್ತದಾ?" ಅಂದರು. ಡಬ್ಬದ ವೈರ್ ಅವತ್ತೇ ಬಿಚ್ಚಿಸಿದರು.

ನಾನು ಡಬ್ಬವನ್ನು ಗುಜರಿಗೆ ಹಾಕಲಿಲ್ಲ. ಕ್ಲಾಂಪ್ ಮೀಟರ್ ಹಿಡಿದು ಹಲ್ಲರ್ ಪಕ್ಕ ಕೂತೆ. 60 ಎಚ್‌ಪಿ ಮೋಟಾರ್ ಫುಲ್ ಫೀಡ್‌ನಲ್ಲಿ 80 ಆಂಪ್ಸ್ ಹತ್ತಿರ ಎಳೆಯುತ್ತದೆ. ಹಾಪರ್ (ಮೇಲಿಂದ ಚೆರಿ ಸುರಿಯುವ ಬಾಯಿ) ಬಾಗಿಲು ಮುಚ್ಚಿ ಒಳಗಿನ ಸರಕು ಖಾಲಿಯಾಗಲು ಬಿಟ್ಟರೆ ಒಂದು ನಿಮಿಷದೊಳಗೆ ಮೂವತ್ತಕ್ಕೆ ಇಳಿಯುತ್ತದೆ. ಅಂದರೆ ನಿಲ್ಲಿಸಬೇಕಾದ್ದು ಮೋಟಾರನ್ನಲ್ಲ, ಫೀಡನ್ನು. ಹಾಪರ್ ಗೇಟಿಗೆ ಗಾಳಿಯ ಒತ್ತಡದಲ್ಲಿ ಚಲಿಸುವ ಒಂದು ನ್ಯೂಮ್ಯಾಟಿಕ್ ಸಿಲಿಂಡರ್, ಅದಕ್ಕೆ ಗಾಳಿ ಬಿಡುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿದೆ. ಒಂದೊಂದಕ್ಕೆ ಏಳೆಂಟು ಸಾವಿರ ಆಗಿರಬಹುದು. ಅದೇ ಡಬ್ಬದ ರಿಲೇ ಈಗ ಮೋಟಾರ್ ಬದಲು ಗೇಟ್ ಮುಚ್ಚುತ್ತದೆ. ಹಲ್ಲರ್ ತಿರುಗುತ್ತಲೇ ಇರುತ್ತದೆ, ಚೋಕ್ ಆಗೋ ಪ್ರಶ್ನೆಯೇ ಇಲ್ಲ.

ಎಂಡಿ ಲೆಕ್ಕ ಹಾಕುವ ಹದಿನೈದು ನಿಮಿಷದ ಬ್ಲಾಕ್ ಯಾವಾಗ ಶುರುವಾಗುತ್ತದೆ ಅನ್ನೋದನ್ನು ಮೊಬೈಲ್ ಗಡಿಯಾರ ನೋಡಿ ಇಟ್ಟುಕೊಳ್ಳಬೇಡಿ. ಯೂನಿಟ್, ಡಿಮ್ಯಾಂಡ್ ಎರಡನ್ನೂ ಅಳೆಯುವ ನಮ್ಮ ಟ್ರೈವೆಕ್ಟರ್ ಮೀಟರಿನ ಗಡಿಯಾರ ಮೂರು ನಾಲ್ಕು ನಿಮಿಷ ಹಿಂದಿತ್ತು. ಡಿಸ್‌ಪ್ಲೇಯಲ್ಲಿ ರೈಸಿಂಗ್ ಡಿಮ್ಯಾಂಡ್ (ಆ ಬ್ಲಾಕಿನಲ್ಲಿ ಅಲ್ಲಿಯವರೆಗೆ ಏರಿದ್ದು) ಬರುವ ತನಕ ಕಾದು, ಅದು ಸೊನ್ನೆಗೆ ಬೀಳುವ ಕ್ಷಣ ಹಿಡಿದು, ಕಂಟ್ರೋಲರ್ ಟೈಮ್ ಅದಕ್ಕೆ ಹೊಂದಿಸಿದೆ. ಬ್ಲಾಕಿನ ಎಷ್ಟನೇ ನಿಮಿಷದಲ್ಲಿ ಯಾವ ಗೇಟ್ ಮೊದಲು ಮುಚ್ಚಬೇಕು, ಎಷ್ಟು ಹೊತ್ತು, ಅದು ನಮ್ಮ ಮನೆಯ ಮಸಾಲೆ. ಇಲ್ಲಿ ಬರೆಯೋಲ್ಲ.

ಇದರಿಂದ ಎಂಡಿ 450ರ ಆಸುಪಾಸಿಗೆ ಬಂತು, ಕೆಳಗೆ ಇಳಿಯಲಿಲ್ಲ. ಯಾಕಂದರೆ ಹಲ್ಲರ್, ಬೀಜವನ್ನು ಗಾತ್ರದಿಂದ ಬೇರ್ಪಡಿಸುವ ಗ್ರೇಡರ್, ತೂಕದಿಂದ ಬೇರ್ಪಡಿಸುವ ಗ್ರಾವಿಟಿ, ಬಣ್ಣದಿಂದ ಬೇರ್ಪಡಿಸುವ ಕಲರ್ ಸಾರ್ಟರ್, ಅದರ ಕಂಪ್ರೆಸರ್, ಎಲ್ಲವೂ ಒಂದೇ ಸರಪಳಿ. ಒಂದು ಓಡಿದರೆ ಎಲ್ಲವೂ ಓಡಬೇಕು. ಸರಪಳಿ ಮಧ್ಯದಲ್ಲಿ ಕತ್ತರಿಸದೆ ಬೇರೆ ದಾರಿ ಇರಲಿಲ್ಲ. ಕರೆಂಟಿನ ದರವೂ ಹೊತ್ತಿಗೆ ತಕ್ಕ ಹಾಗೆ ಬೇರೆ. ಆಗ ನಮ್ಮ ಬಿಲ್ಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಯೂನಿಟ್‌ಗೆ ಒಂದು ರೂಪಾಯಿ ಕಡಿಮೆ, ಸಂಜೆ ಆರರಿಂದ ಹತ್ತರ ತನಕ ಒಂದು ರೂಪಾಯಿ ಜಾಸ್ತಿ ಇತ್ತು. ಬೆಳಗಿನ ಪೀಕ್ (ದುಬಾರಿ ಹೊತ್ತು) ದರಪಟ್ಟಿ ಬದಲಾದ ಹಾಗೆ ಬದಲಾಗುತ್ತದೆ, ನಿಮ್ಮ ಬಿಲ್ ನೋಡಿಕೊಳ್ಳಿ. ಹಾಗಾಗಿ ಹಲ್ಲಿಂಗ್ ರಾತ್ರಿ ಮುಗಿಸಿ ಬೀಜ ಬಿನ್‌ನಲ್ಲಿ ತುಂಬಿಡೋದು, ಸಾರ್ಟಿಂಗ್ ಮತ್ತು ಹೆಂಗಸರ ಕೈ ಆರಿಸುವ ಕೆಲಸ ಹಗಲಲ್ಲಿ. ತುಂಬಿದ ಬಿನ್ನೇ ನಮ್ಮ ಬ್ಯಾಟರಿ.

ಫ್ಯಾಬ್ರಿಕೇಶನ್‌ನವರು ಒಂದೇ ದೊಡ್ಡ ಸೈಲೋ ಸಾಕು, ಅಗ್ಗ ಆಗುತ್ತದೆ ಅಂದರು. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಲಾಟ್ ಮಿಕ್ಸ್ ಆದ್ರೆ ಓಟಿ ಯಾರ್ದು ಅಂತ ಹೇಳೋದು?" ಲಾಟ್ ಅಂದರೆ ಒಬ್ಬ ಪ್ಲಾಂಟರ್ ತಂದ ಸರಕು, ಓಟಿ ಅಂದರೆ ಔಟ್‌ಟರ್ನ್, ಚೆರಿಗೆ ಎಷ್ಟು ಬೀಜ ಬಂತು ಅನ್ನೋ ಲೆಕ್ಕ. ಸರಿಯಾದ ಮಾತು. ಐವತ್ತು ಕೆಜಿ ಚೆರಿಗೆ ಇಪ್ಪತ್ತೆಂಟು ಕೆಜಿ ಬೀಜ ಬರಬೇಕಾದ್ದು ಇಪ್ಪತ್ತೇಳೂವರೆ ಬಂದರೆ ಪ್ಲಾಂಟರ್ ಆಫೀಸಿನಲ್ಲೇ ಕೂತುಬಿಡುತ್ತಾರೆ. ಹಾಗಾಗಿ ಐದೈದು ಟನ್ನಿನ ಆರು ಬಿನ್ ಮಾಡಿಸಿದೆವು. ಮೊದಲು ಬಂದವುಗಳ ಕೋನ್ ಇಳಿಜಾರು ಸಾಲದೆ ಮೂಲೆಯಲ್ಲಿ ನಾಲ್ಕೈದು ಕೆಜಿ ಬೀಜ ಕೂತೇ ಇರುತ್ತಿತ್ತು. ವಾಪಸ್ ಕಳಿಸಿ ಇಳಿಜಾರು ಕಡಿದಾಗಿ ಮಾಡಿಸಿದೆವು. ಮುಚ್ಚಳ ಬೇಕೇ ಬೇಕು. ಜನವರಿಯ ಮಂಜಿಗೆ ತೆರೆದ ಬಿನ್‌ನಲ್ಲಿ ಮಾಯಿಶ್ಚರ್ (ಬೀಜದ ತೇವ) ಹನ್ನೊಂದು ಪರ್ಸೆಂಟಿನಿಂದ ಮೇಲೆ ಹೋಗಿದ್ದನ್ನು ನಾವೇ ಅಳೆದು ನೋಡಿದೆವು. ಎಲ್ಲ ಸೇರಿ ಆರು ಲಕ್ಷ ದಾಟಿತು.

ರಾತ್ರಿ ಪಾಳಿಗೆ ಜನ ಸಿಗೋಲ್ಲ ಅನ್ನೋದು ಮಾಲೀಕರ ಕೊನೆಯ ಅಸ್ತ್ರ. ಅರ್ಧ ಪಾಳಿ ಮಾಡಿ ಎರಡು ಗಂಟೆಗೆ ಬಿಟ್ಟರೆ ಕೂಲಿ ಉಳಿಯುತ್ತದೆ ಅಂತ ಅವರ ಲೆಕ್ಕ. ಆ ಹೊತ್ತಿಗೆ ಯಾರೂ ಮನೆಗೆ ಹೋಗೋಲ್ಲ ಸ್ವಾಮಿ. ತೋಟದ ದಾರಿಯಲ್ಲಿ ಆನೆ ನಿಂತಿರುತ್ತದೆ. ಕೊನೆಗೆ ಏಳು ಗಂಟೆಗೆ ಜೀಪಲ್ಲಿ ಕರೆತಂದು, ಊಟ ಹಾಕಿ, ಹತ್ತರವರೆಗೆ ಮಲಗಲು ಜಾಗ ಕೊಟ್ಟು, ಬೆಳಕು ಹರಿದ ಮೇಲೆ ವಾಪಸ್ ಬಿಡೋದು ಅಂತಾಯಿತು. ಕರೆಂಟಿನ ಅಗ್ಗದ ಹೊತ್ತಿಗೂ ಆನೆ ಓಡಾಡುವ ಹೊತ್ತಿಗೂ ಹೇಗೆ ತಾಳೆಯಾಯಿತು ನೋಡಿ! ಊಟ, ಜೀಪ್, ರಾತ್ರಿ ಭತ್ಯೆ ಸೇರಿ ತಿಂಗಳಿಗೆ ಮೂವತ್ತು ಸಾವಿರ ಚಿಲ್ಲರೆ.

ಬಂದ ದುಡ್ಡು? ಎಂಡಿ ಹಗಲೂ ರಾತ್ರಿಯೂ 330, 340ರಲ್ಲಿ ನಿಂತಿತು. ಸೀಸನ್ ಮುಗಿಯುವ ತನಕ ಕಾದು, ಧೈರ್ಯ ಬಂದ ಮೇಲೆ ಕಾಂಟ್ರಾಕ್ಟ್ ಡಿಮ್ಯಾಂಡ್ 350ಕ್ಕೆ ಇಳಿಸಲು ಅರ್ಜಿ ಕೊಟ್ಟೆವು. ಈಗ ಮಳೆಗಾಲದಲ್ಲಿ ಕಟ್ಟುವುದು 300 ಕೆವಿಎಗೆ ಸ್ವಲ್ಪ ಕಡಿಮೆ. ಸುಮ್ನೆ ಕೂತ ತಿಂಗಳಿಗೆ ನಲವತ್ತು ಸಾವಿರದ ಮೇಲೆ ಉಳಿತಾಯ, ಸೀಸನ್ ತಿಂಗಳಿಗೆ ಅರವತ್ತರ ಮೇಲೆ. ರಾತ್ರಿ ದರದಿಂದ ಸಿಕ್ಕಿದ್ದು ಹೆಚ್ಚುಕಡಿಮೆ ಜೀಪು, ಊಟ, ಭತ್ಯೆಗೆ ಸಮ ಆಗಿ ಸ್ವಲ್ಪ ಮಿಕ್ಕಿತು. ಅಂದರೆ ನಿಜವಾದ ಲಾಭ ಇರೋದು ಡಿಮ್ಯಾಂಡ್‌ನಲ್ಲಿ, ಯೂನಿಟ್‌ನಲ್ಲಲ್ಲ. ಎಲ್ಲರೂ ಯೂನಿಟ್ ರೇಟ್ ಹಿಡಿದುಕೊಂಡೇ ಮಾತಾಡುತ್ತಾರೆ. ವರ್ಷಕ್ಕೆ ಆರು ಲಕ್ಷದ ಮೇಲೆ ಉಳಿದಿದೆ, ಬಿನ್‌ಗಳ ದುಡ್ಡು ಬಂದಾಯಿತು.

ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಮಾತ್ರ ಈ ಲೆಕ್ಕ ನಡೆಯೋಲ್ಲ. ಒದ್ದೆ ಚೆರಿ ಬಂದು ಬಿದ್ದಾಗ ಡ್ರೈಯರ್ ಬ್ಲೋವರ್ ಸಂಜೆ ಏಳಕ್ಕೂ ಓಡಬೇಕು. ಬೂಸ್ಟು ಹಿಡಿದ ಕಾಫಿಯ ಮುಂದೆ ಒಂದು ರೂಪಾಯಿ ಲೆಕ್ಕಕ್ಕಿಲ್ಲ. ಆಗ ಹಲ್ಲಿಂಗ್ ಪೂರ್ತಿ ನಿಲ್ಲಿಸಿ ಡ್ರೈಯರ್‌ಗೆ ಜಾಗ ಬಿಡುತ್ತೇವೆ.

ಮಡಿಕೇರಿ ಹತ್ತಿರ ರೆಸಾರ್ಟ್ ನೋಡಿಕೊಳ್ಳುವ ಸ್ನೇಹಿತರೊಬ್ಬರು ಇದನ್ನು ಕೇಳಿ ತಮ್ಮಲ್ಲೂ ಮಾಡಿ ಅಂದರು. ಲಾಂಡ್ರಿ, ಟ್ಯಾಂಕಿಗೆ ನೀರೆತ್ತುವ ಪಂಪ್ ಎರಡನ್ನೂ ರಾತ್ರಿಗೆ ಹಾಕಿದೆವು, ಸಲೀಸಾಗಿ ಹೋಯಿತು. ಬಿಸಿನೀರು ಕೆಟ್ಟಿತು. ಬೆಳಗಿನ ಜಾವ ಕಾಸಿಟ್ಟ ನೀರು ಮಡಿಕೇರಿ ಚಳಿಗೆ ಎಂಟು ಗಂಟೆಗೆ ಉಗುರುಬೆಚ್ಚಗೆ! ಪೈಪಿಗೆ ಇನ್ಸುಲೇಶನ್ ಇರಲಿಲ್ಲ. ಅದು ಹಾಕಿಸುವ ತನಕ ಹೀಟರ್ ಮುಟ್ಟಬೇಡಿ ಅಂತ ಹೇಳಿ ಬಂದೆ.

ಈಗ ತಲೆಯಲ್ಲಿರೋದು ಸೋಲಾರ್ ಹೊತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ಬಗ್ಗೆ ಕೇಂದ್ರದ 2023ರ ತಿದ್ದುಪಡಿ ನಿಯಮದಲ್ಲಿ ಬಿಸಿಲಿರುವ ಎಂಟು ಗಂಟೆಗಳ ದರ ಮಾಮೂಲಿಗಿಂತ ಕನಿಷ್ಠ 20 ಪರ್ಸೆಂಟ್ ಕಡಿಮೆ ಇರಬೇಕು ಅಂತಿದೆ. ನಮ್ಮ ಬಿಲ್ಲಿನಲ್ಲಿ ಅದು ಪೂರ್ತಿ ಕಂಡರೆ ಹಲ್ಲರ್ ಮತ್ತೆ ಹಗಲಿಗೆ ಬರಬಹುದು. ಜೀಪಿನ ಖರ್ಚೂ ತಪ್ಪುತ್ತದೆ. ಆದರೆ ಸಾರ್ಟರ್ ಜೊತೆಗೇ ಓಡಿದರೆ ಎಂಡಿ 350 ದಾಟುತ್ತದೆ, ಇಳಿಸಿದ್ದನ್ನು ಮತ್ತೆ ಏರಿಸಲು ದುಡ್ಡು ಬೇಕು. ಒಂದು ಹಲ್ಲರ್ ಹಗಲು, ಇನ್ನೊಂದು ರಾತ್ರಿ ಇಟ್ಟರೆ ಹೇಗೆ ಅಂತ ಲೆಕ್ಕ ಹಾಕುತ್ತಿದ್ದೇನೆ. ಮೇಸ್ತ್ರಿ ಆಗೋಲ್ಲ ಅಂತ ಈಗಾಗಲೇ ಹೇಳಿದ್ದಾರೆ.