ವಿಸಿಟರ್ ವೀಸಾಗೆ ನಾನು ಕಾಗದ ಜೋಡಿಸುವ ರೀತಿ

ವೀಸಾ ಅಂದ ಕೂಡಲೇ ಎಲ್ಲರೂ ಕೇಳುವುದು, ಅಕೌಂಟಿನಲ್ಲಿ ಎಷ್ಟು ದುಡ್ಡಿರಬೇಕು ಅಂತ. ನಾನು ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದುಕೊಳ್ಳುತ್ತೇನೆ. ಯಾವ ರಾತ್ರಿ ಯಾವ ಊರು, ಎಲ್ಲಿ ಉಳಿಯುವುದು, ಅಲ್ಲಿಂದ ಹೇಗೆ ಹೊರಡುವುದು. ಆಮೇಲೆ ಟಿಕೆಟ್, ಹೋಟೆಲ್, ಇನ್ಶೂರೆನ್ಸ್, ಆಫೀಸಿನ ರಜೆ ಪತ್ರ ಎಲ್ಲವನ್ನೂ ಅದಕ್ಕೆ ತಾಳೆ ನೋಡುತ್ತೇನೆ. ರಜೆ 12ಕ್ಕೇ ಮುಗಿದು ವಾಪಸ್ ಟಿಕೆಟ್ 14ಕ್ಕೆ ಇದ್ದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ ಅಲ್ವಾ? ಹೋಟೆಲ್ ಮಾತ್ರ ದುಡ್ಡು ಕಳೆದುಕೊಳ್ಳದೆ ಕ್ಯಾನ್ಸಲ್ ಮಾಡುವಂಥದ್ದನ್ನೇ ಹಿಡಿಯುತ್ತೇನೆ.

ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಗೆ ಈ ಹಾಳೆ ಇಲ್ಲದೆ ಆಗುವುದೇ ಇಲ್ಲ. ಹಲವು ದೇಶ ಸುತ್ತುವುದಾದರೆ ಜಾಸ್ತಿ ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂತ ಬೇರೆ ದೇಶಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಪ್ರಯಾಣದ ವೈದ್ಯಕೀಯ ಇನ್ಶೂರೆನ್ಸ್ ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವಂತಿರಬೇಕು. ಅರ್ಜಿಯನ್ನು 6 ತಿಂಗಳು ಮುಂಚೆಯೇ ಹಾಕಬಹುದು, ಹಾಗಾಗಿ ಕೊನೆಗಳಿಗೆವರೆಗೆ ಕಾಯಬೇಡಿ.

ನಾನು ಹೆಚ್ಚು ಹೊತ್ತು ಕೂರುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ. ಒಮ್ಮೆ ಅರ್ಜಿಗೆ ಸ್ವಲ್ಪ ಮುಂಚೆ ನನ್ನ ಠೇವಣಿಯ ಅವಧಿ ಮುಗಿದು ದೊಡ್ಡ ಮೊತ್ತ ಖಾತೆಗೆ ಬಂತು. ಮೇಲ್ನೋಟಕ್ಕೆ ವೀಸಾಗೆಂದೇ ಯಾರಿಂದಲೋ ತಂದು ತುಂಬಿಸಿದ ಹಾಗೆ ಕಾಣುತ್ತಿತ್ತು. ಠೇವಣಿ ರಸೀದಿಯ ನಕಲನ್ನು ಸ್ಟೇಟ್‌ಮೆಂಟ್‌ನ ಆ ಪುಟದ ಹಿಂದೆಯೇ ಇಟ್ಟೆ. ಕವರಿಂಗ್ ಲೆಟರ್‌ನಲ್ಲಿ "ಈ ತಾರೀಕಿನಂದು ಬಂದ ಹಣ ನನ್ನ ಠೇವಣಿಯದ್ದು, ರಸೀದಿ ಲಗತ್ತಿಸಿದ್ದೇನೆ" ಅಂತ ಒಂದೇ ಸಾಲು ಬರೆದೆ. ಅಧಿಕಾರಿಗೆ ಏಳಬಹುದಾದ ಪ್ರಶ್ನೆಗೆ ಅವರು ಕೇಳುವ ಮೊದಲೇ ಕಾಗದದಲ್ಲಿ ಉತ್ತರ ಇರಬೇಕು. ಪತ್ರ ಒಂದು ಪುಟ ದಾಟದಿದ್ದರೆ ಒಳ್ಳೆಯದು.

ಅಮೆರಿಕದ ವಿಸಿಟರ್ ವೀಸಾ ಕಥೆ ಬೇರೆ. ಅಲ್ಲಿ ಸಂದರ್ಶನವೇ ಮುಖ್ಯ, ಎಷ್ಟೋ ಸಲ ಫೈಲ್ ತೆರೆದೂ ನೋಡುವುದಿಲ್ಲ. ನೀವು ಅಲ್ಲೇ ನೆಲೆಸಲು ಬಂದವರು ಅಂತಲೇ ಕಾನೂನು ಮೊದಲು ಅಂದುಕೊಳ್ಳುತ್ತದೆ. ಹಾಗಲ್ಲ ಅಂತ ತೋರಿಸುವುದು ನಮ್ಮ ಕೆಲಸ. ಡಿಎಸ್-160 ಅನ್ನುವ ವೀಸಾ ಅರ್ಜಿ ಫಾರ್ಮಿನ ಪ್ರಿಂಟ್ ಇಟ್ಟುಕೊಂಡು, ಅದರಲ್ಲಿ ಬರೆದದ್ದನ್ನೇ ಚಿಕ್ಕದಾಗಿ, ನೇರವಾಗಿ ಹೇಳುವುದನ್ನು ನಾನು ರೂಢಿ ಮಾಡಿಕೊಂಡೆ. ಬಾಯಿಪಾಠ ಮಾಡಿದ ಉತ್ತರ ಬೇಡ.

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಸ್ಟಿಕ್ಕರ್ ಓದಿ. ಹೆಸರಿನ ಅಕ್ಷರ, ಎಷ್ಟು ಸಲ ಒಳಗೆ ಹೋಗಬಹುದು, ಎಷ್ಟು ದಿನ ಇರಬಹುದು. ಷೆಂಗೆನ್‌ನಲ್ಲಿ ವೀಸಾ ಚಾಲ್ತಿಯಲ್ಲಿರುವ ತಾರೀಕುಗಳೂ ಉಳಿಯಬಹುದಾದ ದಿನಗಳೂ ಬೇರೆಬೇರೆ ಇರಬಹುದು. ಒಂದೇ ಸಲದ ಪ್ರವೇಶ ಇದ್ದರೆ ನಡುವೆ ಷೆಂಗೆನ್‌ಗೆ ಸೇರದ ಲಂಡನ್‌ಗೆ ಹೋಗಿಬಂದು ಮತ್ತೆ ಪ್ಯಾರಿಸ್‌ನಲ್ಲಿ ಇಳಿಯಲು ಆಗುವುದಿಲ್ಲ. ತಪ್ಪು ಕಂಡರೆ ಅವತ್ತೇ ಹೇಳಿ ಸರಿ ಮಾಡಿಸಿಕೊಳ್ಳಿ.