ನಿಂತ ಆಟಕ್ಕೂ ಅಡ್ಡ ಆಟಕ್ಕೂ ಒಂದೇ ಸ್ಕ್ರೀನ್: ತಿರುಗುವ ಆರ್ಕೇಡ್ ಮಾನಿಟರ್ ಮಾಡುವುದು ಹೇಗೆ?

ನಾಣ್ಯ ಹಾಕಿ ಆಡುತ್ತಿದ್ದ ಆರ್ಕೇಡ್ ಪೆಟ್ಟಿಗೆಗಳಲ್ಲಿ 1980ರ ಪ್ಯಾಕ್‌ಮ್ಯಾನ್ ಉದ್ದಕ್ಕೆ ನಿಂತ ಸ್ಕ್ರೀನಿನ ಆಟ. ಮರುವರ್ಷದ ಗ್ಯಾಲಗಾ, ಡಾಂಕಿ ಕಾಂಗ್ ಕೂಡ ಹಾಗೇ. 1991ರ ಸ್ಟ್ರೀಟ್ ಫೈಟರ್ 2 ಅಡ್ಡ ಸ್ಕ್ರೀನಿನದು. ಆಗ ಒಂದು ಪೆಟ್ಟಿಗೆಗೆ ಒಂದೇ ಆಟ, ತೊಂದರೆ ಇರಲಿಲ್ಲ. ಈಗ ಮನೆಯ ಕ್ಯಾಬಿನೆಟ್‌ಗೆ ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಮ್ಯುಲೇಟರ್ ಹಾಕಿ ಎಲ್ಲವನ್ನೂ ಒಂದೇ ಕಡೆ ಆಡುತ್ತೇವೆ ಅಲ್ವಾ? ಅಡ್ಡ ಸ್ಕ್ರೀನಿನಲ್ಲಿ ಪ್ಯಾಕ್‌ಮ್ಯಾನ್ ಹಾಕಿದರೆ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಅರ್ಧಕ್ಕಿಂತ ತುಸು ಜಾಸ್ತಿ ಜಾಗದಲ್ಲಷ್ಟೇ ಆಟ. ಸ್ಕ್ರೀನನ್ನೇ 90 ಡಿಗ್ರಿ ತಿರುಗಿಸಿದರೆ ಕಥೆ ಮುಗಿಯಿತು.

ಮೊದಲು ಮಾನಿಟರ್. ಹಳೆಯ 4:3 ಅಳತೆಯ 20 ಇಂಚಿನದು ಸಿಕ್ಕರೆ ಬಿಡಬೇಡಿ. ಯಾವ ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡದ ಐಪಿಎಸ್ ಪ್ಯಾನೆಲ್ ಇದ್ದರೆ ಒಳ್ಳೆಯದು. ಅಗ್ಗದ ಟಿಎನ್ ಪ್ಯಾನೆಲ್‌ಗಳನ್ನು ನಿಲ್ಲಿಸಿದಾಗ ಒಂದು ಬದಿಯಿಂದ ಬಣ್ಣ ಕೆಡುತ್ತದೆ. ಇಬ್ಬರು ಅಕ್ಕಪಕ್ಕ ನಿಂತು ಆಡುವಾಗ ಇದು ಎದ್ದು ಕಾಣುತ್ತದೆ.

ಆಮೇಲೆ ಟೇಪು ಹಿಡಿಯಿರಿ. ಸ್ಕ್ರೀನ್ ತಿರುಗುವಾಗ ಅದರ ಮೂಲೆಗಳಿಗೆ ಜಾಗ ಬೇಕು. ಹಾಗಾಗಿ ಅಗಲ ಅಳೆದರೆ ಸಾಲದು, ಚೌಕಟ್ಟೂ ಸೇರಿ ಮೂಲೆಯಿಂದ ಮೂಲೆಗೆ ಅಳೆಯಬೇಕು. ಚೌಕಟ್ಟು 18 ಇಂಚು ಅಗಲ, 15 ಇಂಚು ಎತ್ತರ ಇದ್ದರೆ ಮೂಲೆಯಿಂದ ಮೂಲೆಗೆ ಸುಮಾರು ಇಪ್ಪತ್ಮೂರೂವರೆ ಇಂಚು. ಕ್ಯಾಬಿನೆಟ್ಟಿನ ಒಳಗೆ ಅದಕ್ಕಿಂತ ಒಂದು ಇಂಚಾದರೂ ಜಾಸ್ತಿ ಬೇಕು.

ಮಾನಿಟರ್ ಹಿಂದೆ 75 ಅಥವಾ 100 ಮಿಲಿಮೀಟರ್ ಅಂತರದ ಗೋಡೆಗೆ ಅಥವಾ ಸ್ಟ್ಯಾಂಡಿಗೆ ಕೂರಿಸಲೆಂದು ನಾಲ್ಕು ವೇಸಾ ತೂತುಗಳಿರುತ್ತವೆ. ಸಾಮಾನ್ಯವಾಗಿ ಎಂ4 (4 ಮಿಲಿಮೀಟರ್ ದಪ್ಪದ) ಸ್ಕ್ರೂ ಹಿಡಿಯುತ್ತದೆ. ಅದಕ್ಕೆ 12 ಮಿಲಿಮೀಟರ್ ಪ್ಲೈವುಡ್ ಹಲಗೆ ಕೂರಿಸಿ. ಹಲಗೆಯ ತೂತುಗಳನ್ನು ಸ್ವಲ್ಪ ಉದ್ದಕ್ಕೆ ಕೊರೆಯಿರಿ. ಕಾರಣ, ವೇಸಾ ತೂತುಗಳ ನಡುಮಧ್ಯದಲ್ಲೇ ಮಾನಿಟರಿನ ತೂಕ ಇರುತ್ತದೆ ಎಂಬ ಖಾತ್ರಿ ಇಲ್ಲ. ಬೇರಿಂಗಿಗೆ ಹಾಕಿ ಕೈ ಬಿಟ್ಟಾಗ ಒಂದು ಬದಿ ತಾನೇ ಕೆಳಗೆ ವಾಲಿದರೆ, ಮಾನಿಟರನ್ನು ಆ ಬದಿಯಿಂದ ಎದುರು ದಿಕ್ಕಿಗೆ ಸರಿಸಿ. ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಸರಿಯಾಗಿದೆ ಎಂದರ್ಥ. ಈ ಕೆಲಸಕ್ಕೆ ಎಷ್ಟು ಹೊತ್ತಾದರೂ ಪರವಾಗಿಲ್ಲ, ಅರ್ಧಕ್ಕೆ ಬಿಡಬೇಡಿ.

ಬೇರಿಂಗಿಗೆ ಊಟದ ಮೇಜಿನ ಮೇಲೆ ತಿರುಗುವ ತಟ್ಟೆಯ ಅಡಿ ಇರುವ ಲೇಜಿ ಸೂಸನ್ ಬಳಸುವವರಿದ್ದಾರೆ. ಅದು ಮಲಗಿಸಿ ಬಳಸಲೆಂದು ಮಾಡಿದ್ದು. ನಿಲ್ಲಿಸಿದರೆ ಕೆಲವು ಅಲುಗಾಡುತ್ತವೆ. ಹಲಗೆಯನ್ನು ಹೊರುವ 20 ಮಿಲಿಮೀಟರ್ ಶಾಫ್ಟಿಗೆ ಹಿಂದೊಂದು ಮುಂದೊಂದು ಪಿಲ್ಲೋ ಬ್ಲಾಕ್ ಬೇರಿಂಗ್ (ಸ್ಕ್ರೂ ಹಾಕಿ ಕೂರಿಸುವ ಕವಚದೊಳಗಿನ ಬೇರಿಂಗ್) ಹಾಕುವುದು ನನ್ನ ಆಯ್ಕೆ.

ಇನ್ನು ತಿರುಗಿಸುವುದು ಯಾವುದು? ಕಾರಿನ ವೈಪರ್ ಮೋಟಾರ್ ಅಗ್ಗ, ಬಲವೂ ಇದೆ. ಆದರೆ ವೇಗ ಜಾಸ್ತಿ, ಚೈನು, ಹಲ್ಲುಚಕ್ರ, ತುದಿ ಮುಟ್ಟಿದಾಗ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ಚು ಎಲ್ಲವೂ ಬೇಕು. ಸುಮ್ನೆ 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ ತನ್ನಿ. ಕರೆಂಟ್ ಕೊಟ್ಟರೆ ರಾಡು ಹೊರಗೆ ಬರುತ್ತದೆ, ವೈರು ಅದಲುಬದಲು ಮಾಡಿದರೆ ಒಳಗೆ ಹೋಗುತ್ತದೆ. ಲಿಮಿಟ್ ಸ್ವಿಚ್ ಒಳಗೇ ಇರುವಂಥದ್ದನ್ನೇ ಕೇಳಿ ತನ್ನಿ, ಎರಡೂ ತುದಿಯಲ್ಲಿ ತಾನೇ ನಿಲ್ಲುತ್ತದೆ. ಸ್ಕ್ರೂ ಮೇಲೆ ಓಡುವುದರಿಂದ ಕರೆಂಟ್ ಹೋದರೂ ಸ್ಕ್ರೀನ್ ಸಾಮಾನ್ಯವಾಗಿ ಜಾರುವುದಿಲ್ಲ.

ಇದರ ಲೆಕ್ಕ ಸುಲಭ. 150 ಮಿಲಿಮೀಟರ್ ಓಡುವ ಆಕ್ಚುಯೇಟರ್ ಆದರೆ, ಶಾಫ್ಟಿನ ನಡುವಿನಿಂದ ಸುಮಾರು 106 ಮಿಲಿಮೀಟರ್ ದೂರದಲ್ಲಿ ಹಲಗೆಗೆ ಪಿನ್ ಹಾಕಿ. ಓಟದ ಉದ್ದವನ್ನು 1.414ರಿಂದ ಭಾಗಿಸಿದರೆ ಈ ದೂರ ಸಿಗುತ್ತದೆ. ರಾಡು ಅರ್ಧ ಹೊರಬಂದಾಗ, ಶಾಫ್ಟಿನಿಂದ ಪಿನ್‌ಗೆ ಎಳೆದ ಗೆರೆ ರಾಡಿಗೆ ನೇರ ಅಡ್ಡಲಾಗಿರಬೇಕು. ಆಕ್ಚುಯೇಟರಿನ ಇನ್ನೊಂದು ತುದಿ ಕ್ಯಾಬಿನೆಟ್ಟಿಗೆ ಪಿನ್ನಿನ ಮೇಲೆಯೇ ಕೂರಲಿ, ಅದೂ ಸ್ವಲ್ಪ ಆಡಬೇಕು. ಹಲಗೆಯ ಪಿನ್ ತೂತನ್ನೂ ಉದ್ದಕ್ಕೆ ಕೊರೆಯಿರಿ. 90 ಡಿಗ್ರಿಗೆ ಕಡಿಮೆ ತಿರುಗಿದರೆ ಪಿನ್ ಒಳಗೆ ಸರಿಸಿ, ಜಾಸ್ತಿ ತಿರುಗಿದರೆ ಹೊರಗೆ. ಸೆಕೆಂಡಿಗೆ 30 ಮಿಲಿಮೀಟರ್ ವೇಗದ್ದು ಐದು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಅದಕ್ಕಿಂತ ಅವಸರ ಬೇಡ.

ನಾವೇ ಸ್ವಿಚ್ ಹಾಕಿ ತಿರುಗಿಸಲು, ಎರಡು ವೈರನ್ನೂ ಒಟ್ಟಿಗೆ ಅದಲುಬದಲು ಮಾಡಬಲ್ಲ ಆರು ಕಾಲಿನ ಡಿಪಿಡಿಟಿ ಸ್ವಿಚ್ ಸಾಕು. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ಹುಡುಕಿ. ತಾನೇ ತಿರುಗಬೇಕೆಂದರೆ ರಾಸ್ಪ್‌ಬೆರಿ ಪೈ ಅಥವಾ ಆರ್ಡುಯಿನೋದಂಥ ಚಿಕ್ಕ ಕಂಪ್ಯೂಟರ್ ಬೋರ್ಡಿನ ಜೊತೆ ಎರಡು ರಿಲೇ (ಚಿಕ್ಕ ಕರೆಂಟಿನಿಂದ ಆನ್ ಆಗುವ ಸ್ವಿಚ್) ಇರುವ ಮಾಡ್ಯೂಲ್ ಬೇಕು. ಪ್ರತಿ ರಿಲೇಯ ಕಾಮನ್ ಕಾಲಿಗೆ ಆಕ್ಚುಯೇಟರಿನ ಒಂದೊಂದು ವೈರು, ಎನ್‌ಸಿ (ರಿಲೇ ಆಫ್ ಇದ್ದಾಗ ಕಾಮನ್ ಕಾಲಿಗೆ ಸೇರಿರುವ) ಕಾಲು ಗ್ರೌಂಡಿಗೆ, ಎನ್‌ಒ (ಆನ್ ಆದಾಗ ಸೇರುವ) ಕಾಲು 12 ವೋಲ್ಟಿಗೆ. ಹೀಗೆ ಜೋಡಿಸಿದರೆ ಎರಡೂ ರಿಲೇ ತಪ್ಪಿ ಒಟ್ಟಿಗೆ ಆನ್ ಆದರೂ ಶಾರ್ಟ್ ಆಗುವುದಿಲ್ಲ. 12 ವೋಲ್ಟಿನ ವೈರಿಗೆ ಫ್ಯೂಸ್ ಮರೆಯಬೇಡಿ. ಮಾನಿಟರಿನ ಪವರ್ ಮತ್ತು ಎಚ್‌ಡಿಎಂಐ ವೈರುಗಳನ್ನು ಶಾಫ್ಟಿನ ಹತ್ತಿರವೇ ಸಡಿಲವಾಗಿ ಒಂದು ಸುತ್ತು ಬಿಟ್ಟು ಕಟ್ಟಿ. ಸ್ಕ್ರೀನ್ ಮುಂದೆ ಗಾಜು ಅಥವಾ ಅಕ್ರಿಲಿಕ್ ಹಾಕುವುದು ಅಂದಕ್ಕಷ್ಟೇ ಅಲ್ಲ. ಮಕ್ಕಳಿರುವ ಮನೆಯಲ್ಲಿ ಬೆರಳು ಸಿಕ್ಕಿಕೊಂಡರೆ ಆಕ್ಚುಯೇಟರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಸಾಫ್ಟ್‌ವೇರ್. ಮೇಮ್‌ನ ಲಿಸ್ಟ್‌ಎಕ್ಸ್‌ಎಂಎಲ್ ಪಟ್ಟಿಯಲ್ಲಿ ಪ್ರತಿ ಆಟದ ಮುಂದೆ ‘ರೊಟೇಟ್’ ಎಂಬ ಸಂಖ್ಯೆ ಇರುತ್ತದೆ. 90 ಅಥವಾ 270 ಇದ್ದರೆ ಸಾಮಾನ್ಯವಾಗಿ ನಿಂತ ಆಟ, 0 ಅಥವಾ 180 ಇದ್ದರೆ ಅಡ್ಡ ಆಟ. ಅದನ್ನು ಓದಿ ಬೇಕಾದ ರಿಲೇಯನ್ನು ಎಂಟು ಸೆಕೆಂಡು ಆನ್ ಮಾಡಿ, ಆಫ್ ಮಾಡಿ, ನಂತರ ಆಟ ಶುರು ಮಾಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಸ್ಕ್ರೀನ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದಾದರೆ ಮೇಮ್‌ನಲ್ಲಿ ಚಿತ್ರವನ್ನು ಅದಕ್ಕೆ ತಕ್ಕಂತೆ ತಿರುಗಿಸುವ ‘ಆಟೋರೋಲ್’ ಆನ್ ಮಾಡಿ, ಎದುರು ದಿಕ್ಕಿಗಾದರೆ ‘ಆಟೋರೋರ್’. ಚಿತ್ರ ತಲೆಕೆಳಗಾಗಿ ಬಂತೆಂದರೆ ಒಂದರ ಬದಲು ಇನ್ನೊಂದನ್ನು ಹಾಕಿದ್ದೀರಿ ಎಂದರ್ಥ.