ಶೇಲ್ ಬಾವಿಗಳ ಅಂತರ: ತಳದ ಗೇಜ್ ನೋಡಿ ತೀರ್ಮಾನಿಸಿದ ಬಗೆ

ಪಶ್ಚಿಮ ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಬೇಸಿನ್‌ನಲ್ಲಿ ವುಲ್ಫ್‌ಕ್ಯಾಂಪ್ ಎಂಬ ಶೇಲ್ (ತೈಲ ಹಿಡಿದಿಟ್ಟ ಬಿಗಿಯಾದ ಜೇಡಿಕಲ್ಲು) ಪದರದ ಬಾವಿಗಳ ಮೇಲೆ ಕೆಲಸ ಮಾಡುವ ರಿಸರ್ವಾಯರ್ ಎಂಜಿನಿಯರ್ ನಾನು. ನಮ್ಮನ್ನು ಸದಾ ಕಾಡುವ ಪ್ರಶ್ನೆ, ಅಡ್ಡಬಾವಿಗಳ (ಕೆಳಗಿಳಿದು ಪದರದೊಳಗೆ ಅಡ್ಡಲಾಗಿ ತಿರುಗುವ ಬಾವಿಗಳ) ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು. ಒಂದು ಚದರ ಮೈಲಿಗೆ ಒಂದೇ ಪದರದಲ್ಲಿ ಎಂಟು ಬಾವಿ ಎಂದರೆ ನಡುವೆ 660 ಅಡಿ, ನಾಲ್ಕಾದರೆ 1,320. ತೀರಾ ಹತ್ತಿರವಾದರೆ ಒಂದೇ ತೈಲಕ್ಕೆ ಎರಡು ಬಾವಿಗಳ ಖರ್ಚು. ದೂರವಾದರೆ ನಡುವಿನ ತೈಲ ಕಲ್ಲಿನಲ್ಲೇ ಉಳಿಯುತ್ತದೆ.

ಬಾವಿಗಳು ಒಂದಕ್ಕೊಂದು ತಾಗುತ್ತಿವೆಯೇ ಎಂಬುದನ್ನು ತಳದ ಒತ್ತಡ ಹೇಳುತ್ತದೆ. ವೆಲ್‌ಹೆಡ್ಡಿನ, ಅಂದರೆ ಬಾವಿಯ ಬಾಯಲ್ಲಿರುವ, ಒತ್ತಡದ ಗೇಜ್ ಇದಕ್ಕೆ ಸಾಲದು. ಬಾವಿ ಮುಚ್ಚಿದ ಕೂಡಲೇ ಅನಿಲ ಮೇಲೇರಿ ತೈಲ, ನೀರು ಕೆಳಗಿಳಿಯುತ್ತವೆ. ಆಗ ಮೇಲಿನ ಒತ್ತಡದಿಂದ ಲೆಕ್ಕ ಹಾಕಿದ ತಳದ ಒತ್ತಡವನ್ನು ನಂಬಲಾಗದು. ಹಗಲಿನ ಬಿಸಿಲು, ರಾತ್ರಿಯ ಚಳಿಗೂ ಅದರ ಗೆರೆ ಏರಿಳಿಯುತ್ತದೆ. ನಾನು ಹುಡುಕುತ್ತಿದ್ದದ್ದು ಕೆಲವೇ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬದಲಾವಣೆ.

ಹಾಗಾಗಿ ತೈಲ ಮೇಲೆ ಬರುವ ಕೊಳವೆಯಾದ ಟ್ಯೂಬಿಂಗ್ ಜೊತೆಗೇ, ಕ್ವಾರ್ಟ್ಸ್ ಹರಳಿನಿಂದ ಒತ್ತಡ ಅಳೆಯುವ ಗೇಜನ್ನು ತಳಕ್ಕೆ ಇಳಿಸಿದೆವು. ಅದು 0.01 ಪಿಎಸ್‌ಐ ವ್ಯತ್ಯಾಸವನ್ನೂ ಹಿಡಿಯುತ್ತದೆ. ಗೇಜಿನಿಂದ ಮೇಲಕ್ಕೆ ಬರುವ ಕೇಬಲ್ ಇಳಿಸುವುದು ತಾಳ್ಮೆಯ ಕೆಲಸ: ಸುಮಾರು ಮೂವತ್ತು ಅಡಿಗೊಂದು ಬರುವ ಟ್ಯೂಬಿಂಗ್ ಜೋಡಣೆಯಲ್ಲೆಲ್ಲ ಕ್ಲ್ಯಾಂಪ್ ಕೂರಬೇಕು. ಒಂದು ಕಡೆ ಕೇಬಲ್ ಜಜ್ಜಿದರೂ ಗೇಜಿನಿಂದ ಸುದ್ದಿ ಬರುವುದಿಲ್ಲ. ರಿಗ್ಗಿನ ಹುಡುಗರು ಇದನ್ನು ಎಷ್ಟು ಜೋಪಾನವಾಗಿ ಮಾಡುತ್ತಾರೆ ಎಂಬುದರ ಮೇಲೆಯೇ ನನ್ನ ಗ್ರಾಫ್‌ಗಳೆಲ್ಲ ನಿಂತಿವೆ.

ಆಮೇಲೆ ಇಂಟರ್‌ಫರೆನ್ಸ್ ಟೆಸ್ಟ್, ಅಂದರೆ ಒಂದು ಬಾವಿ ಇನ್ನೊಂದನ್ನು ತಾಗುತ್ತದೆಯೇ ಎಂಬ ಪರೀಕ್ಷೆ. ಪ್ಯಾಡಿನ (ಹಲವು ಬಾವಿ ಕೊರೆಯುವ ಒಂದೇ ಜಾಗದ) ಬಾವಿಗಳನ್ನೆಲ್ಲ ಮುಚ್ಚಿ, ಒತ್ತಡ ಏರುವ ಗೆರೆ ಒಂದು ಹದಕ್ಕೆ ಬರುವವರೆಗೆ ಕಾಯುತ್ತೇವೆ. ಮುಚ್ಚಿದಷ್ಟು ಹೊತ್ತೂ ಉತ್ಪಾದನೆ ನಿಲ್ಲುವುದರಿಂದ ಮೇಲಿನವರನ್ನು ಒಪ್ಪಿಸುವುದು ಸುಲಭವಲ್ಲ. ಬಳಿಕ ಒಂದನ್ನು ಮಾತ್ರ ತೆರೆದು ಪಕ್ಕದ ಬಾವಿಯ ಗೆರೆ ನೋಡುತ್ತೇವೆ. ಏರುತ್ತಿದ್ದ ಗೆರೆ ಬೇಗನೆ ಬಾಗಿ ಇಳಿದರೆ ಎರಡರ ನಡುವೆ ತೆರೆದ ಬಿರುಕಿದೆ ಎಂದರ್ಥ. ನಮ್ಮೂರಿನ ಬೋರ್‌ವೆಲ್‌ಗಳು ಕಲ್ಲಿನ ಸಹಜ ಬಿರುಕುಗಳಲ್ಲಿ ನೀರು ಹಂಚಿಕೊಳ್ಳುತ್ತವೆ. ಶೇಲ್‌ನ ರಂಧ್ರಗಳೋ ಅತಿ ಸೂಕ್ಷ್ಮ, ಅಲ್ಲಿ ಇಷ್ಟು ಬೇಗ ಸುದ್ದಿ ಮುಟ್ಟಿಸುವುದು ಹೆಚ್ಚಾಗಿ ನಾವೇ ಫ್ರ್ಯಾಕ್ ಮಾಡಿ, ಅಂದರೆ ಒತ್ತಡದಲ್ಲಿ ನೀರು, ಮರಳು ನುಗ್ಗಿಸಿ ಕಲ್ಲು ಸೀಳಿ, ತೆರೆದ ದಾರಿಗಳು.

ಇಲ್ಲೊಂದು ಎಚ್ಚರ ಬೇಕು. ಫ್ರ್ಯಾಕ್ ನಡೆಯುವಾಗ ಪಕ್ಕದ ಬಾವಿಯಲ್ಲಿ ಕಾಣುವ ಪ್ರತಿ ಏರಿಕೆಯೂ ದ್ರವ ಬಂದು ಮುಟ್ಟಿದ್ದರ ಗುರುತಲ್ಲ, ಕಲ್ಲು ಅದುಮಿದ್ದಕ್ಕೂ ಸಣ್ಣ ಏರಿಕೆ ಕಾಣುತ್ತದೆ. ದ್ರವವೇ ಬಂದಿದ್ದರೂ ಮರಳು ಆತು ನಿಲ್ಲದ ಬಿರುಕು ಮುಂದೆ ಮುಚ್ಚಿಕೊಳ್ಳಬಹುದು. ಆದ್ದರಿಂದ ಕೆಲವು ತಿಂಗಳ ಉತ್ಪಾದನೆಯ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಮೊದಲು ಎದ್ದು ಕಂಡಿದ್ದ ಸಂಪರ್ಕ ಮೇಲಿನ ಪದರದ ಬಾವಿಯೊಂದಿಗೆ ಬಹುಮಟ್ಟಿಗೆ ಮಾಸಿತ್ತು, ಅದೇ ಪದರದ ನೆರೆಬಾವಿಯೊಂದಿಗೆ ಉಳಿದಿತ್ತು. ಮುಂದಿನ ಪ್ಯಾಡಿನಲ್ಲಿ ಒಂದೇ ಪದರದ ಅಂತರ ಹೆಚ್ಚಿಸಿ, ಮೇಲಿನ ಪದರದ ಬಾವಿಗಳನ್ನು ಹಾಗೆಯೇ ಉಳಿಸಿಕೊಂಡೆವು.

ಅದೇ ಗೇಜ್, ಬಾವಿಯ ಹರಿವನ್ನು ಹಿಡಿತದಲ್ಲಿಡುವ ಚೋಕ್ ತೆರೆಯುವಾಗಲೂ ನೆರವಾಗುತ್ತದೆ. ತಳದ ಒತ್ತಡ ಬಬಲ್ ಪಾಯಿಂಟಿಗಿಂತ (ತೈಲದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಹೊರಬರತೊಡಗುವ ಒತ್ತಡ) ಕೆಳಗಿಳಿದರೆ ಕಲ್ಲಿನೊಳಗೇ ಅನಿಲ ಬೇರ್ಪಟ್ಟು ತೈಲದ ದಾರಿಗೆ ಅಡ್ಡ ಬರುತ್ತದೆ. ಆ ಗಡಿ ಎಷ್ಟು ದೂರವಿದೆ ಎಂದು ನೋಡಿಕೊಂಡೇ ಈಗ ಚೋಕ್ ದೊಡ್ಡದು ಮಾಡುತ್ತೇವೆ.